ಸ್ವಂತ ಬೈಕಿನಲ್ಲಿ ವಿದೇಶ ಪ್ರವಾಸ: ಗಡಿ ದಾಟಲು ಬೇಕಾದ ಕಾಗದಪತ್ರಗಳು

"ಕೆಎ ನಂಬರಿನ ಬೈಕ್ ತಗೊಂಡು ನೇಪಾಳಕ್ಕೆ ಹೋಗಬಹುದಾ?" "ಸಾಲ ಇನ್ನೂ ತೀರಿಲ್ಲ, ಗಡಿ ದಾಟೋಕೆ ಬಿಡ್ತಾರಾ?" "ಕಾರ್ನೆಟ್ ಅಂದ್ರೆ ಏನು, ಎಲ್ಲಿ ಸಿಗುತ್ತೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನ.

ಯಾವ ದೇಶದ ಗಡಿಯಾದರೂ ಅಲ್ಲಿನ ಅಧಿಕಾರಿ ತಿಳಿಯಬಯಸುವುದು ನಾಲ್ಕೇ ವಿಷಯ. ಓಡಿಸುವವರಿಗೆ ಆ ಅರ್ಹತೆ ಇದೆಯೇ? ಗಾಡಿ ಇವರದ್ದೇ? ಇಲ್ಲೇ ಮಾರಿಬಿಡದೆ ವಾಪಸ್ ಒಯ್ಯುತ್ತಾರೆಯೇ? ಯಾರಿಗಾದರೂ ಗುದ್ದಿದರೆ ಪರಿಹಾರ ಕಟ್ಟುವವರು ಯಾರು? ಮುಂದೆ ಬರುವ ಪ್ರತಿಯೊಂದು ಕಾಗದವೂ ಈ ನಾಲ್ಕರಲ್ಲಿ ಒಂದಕ್ಕೆ ಉತ್ತರ. ಯಾವ ಕಾಗದ ಯಾವ ಪ್ರಶ್ನೆಗೆ ಎಂದು ಗೊತ್ತಿದ್ದರೆ ಗಡಿಯಲ್ಲಿ ಕೇಳಿದ್ದನ್ನು ತಡವರಿಸದೆ ಕೊಡಬಹುದು.

1. ಮೊದಲು ದಾರಿ ಗಟ್ಟಿ ಮಾಡಿಕೊಳ್ಳಿ

ಯಾವ ದೇಶಗಳು, ಯಾವ ಕ್ರಮದಲ್ಲಿ, ಯಾವ ಗಡಿಯಿಂದ ಒಳಕ್ಕೆ, ಯಾವುದರಿಂದ ಹೊರಕ್ಕೆ ಎಂಬುದು ತೀರ್ಮಾನವಾಗದೆ ಯಾವ ಅರ್ಜಿಯನ್ನೂ ಹಾಕಬೇಡಿ. ಕಾಗದಗಳ ದೃಷ್ಟಿಯಿಂದ ದೇಶಗಳು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ನೇಪಾಳ ಮತ್ತು ಭೂತಾನ್. ಭಾರತದ ಗಾಡಿಗೆ ಇಲ್ಲಿ ಕಾರ್ನೆಟ್ (ಗಾಡಿಯನ್ನು ವಾಪಸ್ ಒಯ್ಯುತ್ತೀರೆಂಬ ಸುಂಕದ ಖಾತ್ರಿ ಪತ್ರ) ಬೇಡ, ಗಡಿಯಲ್ಲೇ ಪರವಾನಗಿ ಸಿಗುತ್ತದೆ. ಎರಡನೆಯದು ಕಾರ್ನೆಟ್ ಕೇಳುವ ದೇಶಗಳು: ಶ್ರೀಲಂಕಾ, ಬಾಂಗ್ಲಾದೇಶ, ಇರಾನ್, ಜಪಾನ್, ಆಸ್ಟ್ರೇಲಿಯಾ ಇತ್ಯಾದಿ. ಮೂರನೆಯದು, ಅಲ್ಲಿನ ನೋಂದಾಯಿತ ಏಜೆಂಟ್ ಮೂಲಕವೇ ಮುಂಗಡ ಅನುಮತಿ ಪಡೆಯಬೇಕಾದ ದೇಶಗಳು. ಚೀನಾ ಅಂಥದ್ದು. ಚೀನಾದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ನಡೆಯುವುದಿಲ್ಲ. ತಾತ್ಕಾಲಿಕ ಲೈಸೆನ್ಸ್, ತಾತ್ಕಾಲಿಕ ನಂಬರ್ ಪ್ಲೇಟ್, ಜೊತೆಗೆ ಗೈಡ್ ಎಲ್ಲವೂ ಬೇಕು. ಥಾಯ್ಲೆಂಡ್ ಕೂಡ 2016ರಿಂದ ಹೊರದೇಶದ ಗಾಡಿಗಳಿಗೆ ಅಲ್ಲಿನ ಪ್ರವಾಸ ಸಂಸ್ಥೆಯ ಮೂಲಕ ಮುಂಚಿತವಾಗಿ ಅನುಮತಿ ಪಡೆಯಬೇಕೆಂದು ನಿಯಮ ಮಾಡಿದೆ.

ನಕ್ಷೆಯಲ್ಲಿ ರಸ್ತೆ ಕಂಡ ಮಾತ್ರಕ್ಕೆ ದಾರಿ ಇದೆ ಎಂದುಕೊಳ್ಳಬೇಡಿ. ಪಶ್ಚಿಮಕ್ಕಿದ್ದ ಅಟ್ಟಾರಿ ಗಡಿ 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಪೂರ್ವದಲ್ಲಿ ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ದಾಟಿ ಥಾಯ್ಲೆಂಡ್ ಸೇರುತ್ತಿದ್ದ ದಾರಿಯನ್ನು 2021ರ ಸೇನಾ ದಂಗೆಯ ನಂತರ ನಂಬಿಕೊಂಡು ಹೊರಡುವಂತಿಲ್ಲ. ಹಾಗಾಗಿ ನೇಪಾಳ, ಭೂತಾನ್‌ನಂಥ ನೆರೆ ದೇಶಗಳನ್ನು ಬಿಟ್ಟು ದೂರ ಹೊರಟರೆ ಬೈಕನ್ನು ಹಡಗಿಗೋ ವಿಮಾನಕ್ಕೋ ಹಾಕುವ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

2. ಹೆಸರು, ನಂಬರ್ ಎಲ್ಲ ಕಡೆ ಒಂದೇ ಇದೆಯೇ ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ, ಅದರಲ್ಲೂ ನಮ್ಮ ಕಡೆಯವರು. ಕಾರಣ ನಮ್ಮ ಇನಿಷಿಯಲ್ಲುಗಳು. ಡಿಎಲ್‌ನಲ್ಲಿ 'ಮಂಜುನಾಥ ಕೆ ಆರ್', ಆರ್‌ಸಿಯಲ್ಲಿ 'ಕೆ ಆರ್ ಮಂಜುನಾಥ್', ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಬಿಡಿಸಿ ಬರೆದ ಉದ್ದನೆಯ ಹೆಸರು. ಇಲ್ಲಿ ಯಾರೂ ತಕರಾರು ತೆಗೆಯದ ಈ ವ್ಯತ್ಯಾಸ, ಇನಿಷಿಯಲ್ ಪದ್ಧತಿಯೇ ಗೊತ್ತಿಲ್ಲದ ಕಸ್ಟಮ್ಸ್ ಅಧಿಕಾರಿಯ ಕಣ್ಣಿಗೆ ಮೂವರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತದೆ. ನೋಟರಿ ಅಫಿಡವಿಟ್‌ಗೆ ಹೊರದೇಶದ ಕೌಂಟರಿನಲ್ಲಿ ಬೆಲೆ ಸಿಗುತ್ತದೆಂಬ ಭರವಸೆ ಇಲ್ಲ. ಪಾಸ್‌ಪೋರ್ಟನ್ನು ಮೂಲವಾಗಿಟ್ಟುಕೊಂಡು ಡಿಎಲ್ ಮತ್ತು ಆರ್‌ಸಿಯಲ್ಲಿ ಹೆಸರು ತಿದ್ದಿಸಿಕೊಳ್ಳಿ. ಇದಕ್ಕೆ ವಾರಗಳೇ ಹಿಡಿಯಬಹುದು, ಆದ್ದರಿಂದ ಮೊದಲು ಮುಗಿಸಬೇಕಾದ ಕೆಲಸ ಇದು.

ಮುಂದಿನದು ಚಾಸಿ ಮತ್ತು ಎಂಜಿನ್ ನಂಬರ್. ಹ್ಯಾಂಡಲ್‌ಬಾರ್ ಪೂರ್ತಿ ತಿರುಗಿಸಿ, ಸ್ಟೀರಿಂಗ್ ಕೊಳವೆಯ ಪಕ್ಕ ಕೊರೆದ ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ, ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅದನ್ನು ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಈಗಿನ ಬೈಕುಗಳ 17 ಅಕ್ಷರ–ಅಂಕಿಗಳ ಚಾಸಿ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಆರ್‌ಸಿಯಲ್ಲಿ 'ಓ' ಕಂಡರೆ ಅದು ಸೊನ್ನೆ ಇರಬೇಕಾದ ಜಾಗದಲ್ಲಿ ಆದ ಟೈಪಿಂಗ್ ತಪ್ಪು. ಬಣ್ಣ ಬದಲಾಗಿದ್ದರೆ, ಎಂಜಿನ್ ಬದಲಾಗಿದ್ದರೆ ಅದೂ ಆರ್‌ಸಿಯಲ್ಲಿ ದಾಖಲಾಗಿರಬೇಕು.

ಡಿಜಿಲಾಕರ್, ಎಂಪರಿವಾಹನ್ ಪ್ರತಿಗಳು ನಮ್ಮ ಪೊಲೀಸರಿಗೆ ಸಾಕು. ಹೊರದೇಶಕ್ಕೆ ಅಸಲಿ ಕಾರ್ಡ್‌ಗಳೇ ಬೇಕು.

ಬೈಕ್ ಸಾಲದಲ್ಲಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಗಾಡಿಯನ್ನು ಇಂಥ ದೇಶಕ್ಕೆ, ಇಂಥ ಅವಧಿಗೆ ಒಯ್ಯಲು ನಮ್ಮ ಅಭ್ಯಂತರವಿಲ್ಲ ಎಂಬ ಪತ್ರವನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ, ಚಾಸಿ ನಂಬರ್ ಸಮೇತ ಬರೆಸಿಕೊಳ್ಳಿ. ಗಾಡಿ ಅಣ್ಣನ ಹೆಸರಿನಲ್ಲೋ ಗೆಳೆಯರ ಹೆಸರಿನಲ್ಲೋ ಇದ್ದರೆ ನೋಟರಿ ಮಾಡಿಸಿದ ಅಧಿಕಾರ ಪತ್ರ ಬೇಕು. ಅದಿದ್ದರೂ ಪ್ರಶ್ನೆಗಳು ತಪ್ಪುವುದಿಲ್ಲ. ಆದಷ್ಟು ನಿಮ್ಮ ಹೆಸರಿನ ಗಾಡಿಯಲ್ಲೇ ಹೋಗಿ.

3. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್

ಐಡಿಪಿ ಎಂದು ಕರೆಯುವ ಈ ಪುಸ್ತಿಕೆ ಸ್ವತಂತ್ರ ಲೈಸೆನ್ಸ್ ಅಲ್ಲ, ನಿಮ್ಮ ಡಿಎಲ್‌ನ ಅಧಿಕೃತ ಅನುವಾದ. ಎರಡೂ ಜೊತೆಗಿದ್ದರಷ್ಟೇ ಬೆಲೆ. ಭಾರತದಲ್ಲಿ ಇದನ್ನು ಕೊಡುವುದು ಆರ್‌ಟಿಒ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ನಮೂನೆ 4ಎ ತುಂಬಿ, ಪಾಸ್‌ಪೋರ್ಟ್, ಡಿಎಲ್ ಮತ್ತು ಕೇಳಿದ ಇತರ ದಾಖಲೆಗಳನ್ನು ಅಪ್‌ಲೋಡ್ ಮಾಡಿ. ಕೇಂದ್ರ ನಿಯಮದಂತೆ ಶುಲ್ಕ 1,000 ರೂಪಾಯಿ. ಅವಧಿ ಕೊಟ್ಟ ದಿನದಿಂದ ಒಂದು ವರ್ಷ; ಡಿಎಲ್ ಅದಕ್ಕೂ ಮೊದಲೇ ಮುಗಿಯುವಂತಿದ್ದರೆ ಅಲ್ಲಿಯವರೆಗೆ ಮಾತ್ರ. ಆದ್ದರಿಂದ ಆರು ತಿಂಗಳು ಮುಂಚೆಯೇ ಮಾಡಿಸಿಟ್ಟು ಅರ್ಧ ಅವಧಿ ಕಳೆದುಕೊಳ್ಳಬೇಡಿ. ಹಣ ಕಟ್ಟಿದರೆ 'ಹತ್ತು ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್' ಮನೆಗೆ ಕಳಿಸುತ್ತೇವೆ ಎನ್ನುವ ಖಾಸಗಿ ಜಾಲತಾಣಗಳ ಕಾರ್ಡಿಗೆ ಕಾನೂನಿನ ಬಲವಿಲ್ಲ.

ಪುಸ್ತಿಕೆ ಕೈಗೆ ಬಂದ ಕೂಡಲೇ 'ಎ' ವರ್ಗದ ಎದುರು ಮುದ್ರೆ ಬಿದ್ದಿದೆಯೇ ನೋಡಿ. ಎ ಎಂದರೆ ಮೋಟಾರ್ ಸೈಕಲ್, ಬಿ ಎಂದರೆ ಕಾರು. ಬರೀ ಬಿ ಇದ್ದು ಬೈಕ್ ಓಡಿಸಿದರೆ, ಕಾನೂನಿನ ಪ್ರಕಾರ ನೀವು ಲೈಸೆನ್ಸೇ ಇಲ್ಲದೆ ಓಡಿಸಿದಂತೆ. ಅಪಘಾತವಾದರೆ ಪ್ರವಾಸ ವಿಮೆಯೂ ಕೈಬಿಡುತ್ತದೆ. ಗೇರ್‌ಲೆಸ್ ಸ್ಕೂಟರಿಗಷ್ಟೇ ಡಿಎಲ್ ಇರುವವರು ಮೊದಲು ಗೇರ್ ಇರುವ ದ್ವಿಚಕ್ರ ವಾಹನದ ವರ್ಗವನ್ನು ಸೇರಿಸಿಕೊಳ್ಳಬೇಕು.

ನಮ್ಮ ಐಡಿಪಿ 1949ರ ಜಿನೀವಾ ಒಪ್ಪಂದದ ಮಾದರಿಯದು. ಇದರ ಪರಿಣಾಮ ಚೆನ್ನಾಗಿ ಕಾಣುವುದು ವಿಯೆಟ್ನಾಂನಲ್ಲಿ. ಆ ದೇಶ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್ಟನ್ನು. ಹಾ ಜಾಂಗ್ ಬೆಟ್ಟದ ರಸ್ತೆಗೆ ಬಾಡಿಗೆ ಬೈಕ್ ಕೊಡುವವರು "ಭಾರತದ ಐಡಿಪಿ ನಡೆಯುತ್ತೆ" ಎಂದರೂ ಪೊಲೀಸರಿಗೆ, ವಿಮಾ ಕಂಪನಿಗೆ ಅದು ನಡೆಯುವುದಿಲ್ಲ. ಅಂಥ ಕಡೆ ಚಾಲಕರಿರುವ ಬೈಕಿನ ಹಿಂಬದಿ ಸೀಟೇ ಸರಿ. ಇನ್ನು ಶ್ರೀಲಂಕಾದಲ್ಲಿ ಐಡಿಪಿ ಇದ್ದರೂ ಅಲ್ಲಿನವರಿಂದ ಅದಕ್ಕೆ ಮಾನ್ಯತೆ ಪಡೆದ ಮೇಲೆಯೇ ಗಾಡಿ ಮುಟ್ಟಬೇಕು.

ಬಾಡಿಗೆ ಬೈಕ್ ಎಲ್ಲೇ ಪಡೆದರೂ ಪಾಸ್‌ಪೋರ್ಟನ್ನು ಅಡವಾಗಿ ಬಿಟ್ಟು ಬರಬೇಡಿ. ನಗದು ಠೇವಣಿ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಕೆಲಸಕ್ಕೆಂದು ಹೋಗಿ ಹೊರದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಮಾತು: ಐಡಿಪಿ ಪ್ರವಾಸಿಗರಿಗಾಗಿ ಇರುವುದು. ಅಲ್ಲಿನ ನಿವಾಸಿಗಳಾದ ಮೇಲೆ ನಿಯಮ ಬೇರೆ. ಜರ್ಮನಿಯಲ್ಲಿ ವಾಸ ಶುರುವಾಗಿ ಆರು ತಿಂಗಳಾದ ಮೇಲೆ ಭಾರತದ ಲೈಸೆನ್ಸ್ ನಡೆಯುವುದಿಲ್ಲ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಅಲ್ಲಿನ ಕಾರ್ ಲೈಸೆನ್ಸ್ ಇದ್ದರೂ ಬೈಕಿಗೆ ಪ್ರತ್ಯೇಕ ಅನುಮತಿ ಪಡೆಯಬೇಕು.

4. ನೇಪಾಳ, ಭೂತಾನ್

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ. ನಮ್ಮ ಡಿಎಲ್ ಅಲ್ಲಿ ನಡೆಯುತ್ತದೆ. ಗಾಡಿಗೆ ಬೇಕಾದದ್ದು ಭನ್ಸಾರ್. ನೇಪಾಳದ ಕಸ್ಟಮ್ಸ್ ಕಚೇರಿಗೂ, ಅಲ್ಲಿ ದಿನದ ಲೆಕ್ಕದಲ್ಲಿ ಹಣ ಕಟ್ಟಿ ಪಡೆಯುವ ಚೀಟಿಗೂ ಜನ ಹೇಳುವುದು ಇದೇ ಹೆಸರು. ಸೋನೌಲಿ, ರಕ್ಸೌಲ್, ಪಾನಿಟಂಕಿ, ಬನ್‌ಬಸಾ ಕಡೆಯಿಂದ ದಾಟುವವರು ನೇಪಾಳದ ಬದಿಯ ಕಸ್ಟಮ್ಸ್ ಕಚೇರಿಗೆ ಆರ್‌ಸಿ, ಡಿಎಲ್ ಒಯ್ದು ಎಷ್ಟು ದಿನ ಇರುತ್ತೀರೆಂದು ಹೇಳಿ ಚೀಟಿ ಮಾಡಿಸಬೇಕು.

ಗಡಿಯಲ್ಲಿ ಗೇಟೂ ಇಲ್ಲದೆ, ತಡೆಯುವವರೂ ಇಲ್ಲದೆ ಗಾಡಿಗಳು ಸರಾಗವಾಗಿ ಹೋಗುತ್ತಿರುತ್ತವೆ. ಆ ಹರಿವಿನಲ್ಲಿ ನೀವೂ ಮುಂದೆ ಹೋಗಿಬಿಟ್ಟರೆ ಮುಂದಿನ ತಪಾಸಣೆಯಲ್ಲಿ ಅದು ಸುಂಕ ತಪ್ಪಿಸಿ ತಂದ ಗಾಡಿಯಾಗುತ್ತದೆ. ನಿಂತು ಕಚೇರಿ ಕೇಳಿಕೊಂಡು ಹೋಗುವುದು ನಿಮ್ಮದೇ ಹೊಣೆ. ದಿನ ಹೇಳುವಾಗ ಎರಡು ದಿನ ಹೆಚ್ಚೇ ಹೇಳಿ. ಮಳೆಗಾಲದಲ್ಲಿ ಭೂಕುಸಿತವಾಗಿ ರಸ್ತೆ ಕಟ್ಟುವುದು ಅಲ್ಲಿ ಮಾಮೂಲು, ಅವಧಿ ಮೀರಿದರೆ ದಂಡ ಹೆಚ್ಚು ದಿನದ ಶುಲ್ಕಕ್ಕಿಂತ ಭಾರಿ. ಒಂದು ಗಾಡಿಗೆ ನೇಪಾಳದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 30 ದಿನ ಮಾತ್ರ ಅವಕಾಶ. ಆ ವರ್ಷ ಶುರುವಾಗುವುದು ಜುಲೈ ಮಧ್ಯದಲ್ಲಿ. ಮುಕ್ತಿನಾಥಕ್ಕೆ ಹೋಗುವವರಿಗೆ ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪ್ರವೇಶ ಪತ್ರವೂ ಬೇಕು, ಅದರಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ. ಕೈಯಲ್ಲಿ 100 ರೂಪಾಯಿಯ ನೋಟುಗಳಿರಲಿ.

ಭೂತಾನಿಗೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು. ಆಧಾರ್ ತೋರಿಸಿ ವಾಪಸ್ ಬಂದವರು ಬಹಳ ಮಂದಿ. ಪಶ್ಚಿಮ ಬಂಗಾಳದ ಜೈಗಾಂವ್ ದಾಟಿ ಫುಂಟ್ಶೋಲಿಂಗ್‌ನಲ್ಲಿ ನಿಮಗೆ ಪ್ರವೇಶ ಅನುಮತಿ, ಗಾಡಿಗೆ ಪ್ರತ್ಯೇಕ ಅನುಮತಿ ಪಡೆಯಬೇಕು. ಗಾಡಿಯ ಅನುಮತಿಗೆ ಆರ್‌ಸಿ, ಡಿಎಲ್, ವಿಮೆ, ಎಮಿಷನ್ ಸರ್ಟಿಫಿಕೇಟ್ ನಾಲ್ಕೂ ಕೇಳುತ್ತಾರೆ. ಎಮಿಷನ್ ಅವಧಿ ಮುಗಿದಿದ್ದರೆ ಜೈಗಾಂವ್‌ನಲ್ಲೇ ಮಾಡಿಸಿಕೊಳ್ಳಿ. 2022ರ ಸೆಪ್ಟೆಂಬರಿನಿಂದ ಭಾರತೀಯರು ತಲಾ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ವಾಸ, ಊಟ, ಗಾಡಿಯ ಶುಲ್ಕ ಇದರಲ್ಲಿ ಸೇರಿಲ್ಲ. ಥಿಂಪು, ಪಾರೊ ದಾಟಿ ಪೂರ್ವಕ್ಕೆ ಹೋಗುವುದಾದರೆ ಗೈಡ್ ಬೇಕು. ಕಚೇರಿಗಳು ಮುಚ್ಚುವ ದಿನಗಳಿರುವುದರಿಂದ ವಾರದ ನಡುವೆ ಗಡಿ ತಲುಪುವಂತೆ ಲೆಕ್ಕ ಹಾಕಿ.

5. ಕಾರ್ನೆಟ್

ಕಾರ್ನೆಟ್ ಎಂದರೆ ಗಾಡಿಯ ಪಾಸ್‌ಪೋರ್ಟ್ ಎನ್ನುತ್ತಾರೆ. ಅದಕ್ಕಿಂತ ಸುಂಕದ ಖಾತ್ರಿ ಪತ್ರ ಎಂದರೆ ಸರಿಯಾಗಿ ಅರ್ಥವಾಗುತ್ತದೆ. ಹೊರಗಿನಿಂದ ಬಂದ ಬೈಕಿಗೆ ಆ ದೇಶ ಆಮದು ಸುಂಕ ಹಾಕಬೇಕು. ನೀವು ಮಾರಲು ಬಂದಿಲ್ಲ, ವಾಪಸ್ ಒಯ್ಯುತ್ತೀರಿ ಎಂದು ನಿಮ್ಮ ದೇಶದ ಆಟೊಮೊಬೈಲ್ ಸಂಘ ಖಾತ್ರಿ ಕೊಡುತ್ತದೆ. ನೀವು ವಾಪಸ್ ಒಯ್ಯದಿದ್ದರೆ ಸುಂಕವನ್ನು ಸಂಘ ಕಟ್ಟಿ ನಿಮ್ಮಿಂದ ವಸೂಲು ಮಾಡುತ್ತದೆ. ಅದಕ್ಕೇ ಸಂಘ ನಿಮ್ಮಿಂದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುವುದು. ಮೊತ್ತ ನಿಂತಿರುವುದು ಬೈಕಿನ ಬೆಲೆ ಮತ್ತು ನೀವು ಹೋಗುವ ದೇಶಗಳ ಮೇಲೆ. ಸುಂಕ ಜಾಸ್ತಿ ಇರುವ ಒಂದೇ ದೇಶ ಪಟ್ಟಿಗೆ ಸೇರಿದರೂ ಮೊತ್ತ ಏರುತ್ತದೆ, ಆದ್ದರಿಂದ 'ಇರಲಿ' ಎಂದು ದೇಶಗಳನ್ನು ಸೇರಿಸುತ್ತ ಹೋಗಬೇಡಿ.

ನಮ್ಮಲ್ಲಿ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತದೆ. ಪಾಸ್‌ಪೋರ್ಟ್, ಆರ್‌ಸಿ, ವಿಮೆ, ಬೈಕಿನ ಬೆಲೆಯ ದಾಖಲೆ, ದೇಶಗಳ ಪಟ್ಟಿ ಸಿದ್ಧವಿಟ್ಟುಕೊಂಡು ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ಅವಧಿ ಹೆಚ್ಚೆಂದರೆ ಒಂದು ವರ್ಷ. ಎಟಿಎ ಕಾರ್ನೆಟ್ ಎಂಬ ಇನ್ನೊಂದಿದೆ. ಅದು ವಸ್ತುಪ್ರದರ್ಶನದಂಥ ಕೆಲಸಕ್ಕೆ ಸರಕು ಒಯ್ಯುವವರಿಗೆ. ಹೆಸರಿಗೆ ಮೋಸಹೋಗಿ ಅದಕ್ಕೆ ಅರ್ಜಿ ಹಾಕಬೇಡಿ.

ಕಾರ್ನೆಟ್ ಪುಸ್ತಕದ ಒಂದೊಂದು ಹಾಳೆಯೂ ಒಂದು ದೇಶಕ್ಕೆ. ಹಾಳೆಯಲ್ಲಿ ಅಡ್ಡಕ್ಕೆ ಮೂರು ತುಂಡುಗಳಿರುತ್ತವೆ. ಒಳಹೋಗುವಾಗ ಕಸ್ಟಮ್ಸ್‌ನವರು ಕೆಳಗಿನ ತುಂಡನ್ನು ಹರಿದಿಟ್ಟುಕೊಂಡು ಮೇಲಿನ ತುಂಡಾದ ಅಡಿಚೀಟಿಯ (ಕೌಂಟರ್‌ಫಾಯಿಲ್) ಒಂದು ಬದಿಗೆ ಮುದ್ರೆ ಒತ್ತುತ್ತಾರೆ. ಹೊರಬರುವಾಗ ನಡುವಿನ ತುಂಡನ್ನು ಹರಿದುಕೊಂಡು ಅಡಿಚೀಟಿಯ ಇನ್ನೊಂದು ಬದಿಗೆ ಒತ್ತುತ್ತಾರೆ. ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಎರಡು ಮುದ್ರೆಗಳಿರುವ ಅಡಿಚೀಟಿ ಮಾತ್ರ. ಆ ಎರಡನೆಯ ಮುದ್ರೆಯೇ ನಿಮ್ಮ ಠೇವಣಿ ಬಿಡಿಸಿ ತರುವ ಸಾಕ್ಷಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಒಳಹೋಗುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ, ಮುದ್ರೆಯಿಲ್ಲದೆ ಬಿಡುವುದೂ ಇಲ್ಲ. ಹೊರಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಕೂಡಲೇ ಎಲ್ಲ ಮುಗಿಯಿತೆಂದು ಗೇಟು ದಾಟಿಬಿಡುತ್ತಾರೆ. ವಲಸೆ ವಿಭಾಗದವರು ನೋಡುವುದು ಮನುಷ್ಯರನ್ನು, ಕಸ್ಟಮ್ಸ್‌ನವರು ನೋಡುವುದು ಗಾಡಿಯನ್ನು. ಎರಡೂ ಬೇರೆ ಕಿಟಕಿ. ಸಣ್ಣ ಗಡಿಗಳಲ್ಲಿ ಅಧಿಕಾರಿಗೇ ಕಾರ್ನೆಟ್ ಹೊಸತಿರಬಹುದು, ತಪ್ಪು ತುಂಡು ಹರಿಯಬಹುದು. ಹರಿಯುವ ಮುನ್ನ ಎಲ್ಲಿ ಒತ್ತಬೇಕೆಂದು ವಿನಯದಿಂದ ತೋರಿಸಿ, ಅಲ್ಲೇ ನಿಂತು ಫೋಟೊ ತೆಗೆದುಕೊಂಡು ಆಮೇಲೆ ಹೊರಡಿ.

ಮುದ್ರೆ ತಪ್ಪಿಯೇ ಹೋದರೆ ಕೈಚೆಲ್ಲಬೇಡಿ. ಗಾಡಿ ಊರಿಗೆ ಮರಳಿದ ಮೇಲೆ ಅಧಿಕಾರಿಯೊಬ್ಬರು ಚಾಸಿ, ಎಂಜಿನ್ ನಂಬರ್ ನೋಡಿ 'ಈ ಗಾಡಿ ಇಲ್ಲೇ ಇದೆ' ಎಂದು ಸಹಿ ಹಾಕಿಕೊಡುವ ಪ್ರಮಾಣಪತ್ರದ ವ್ಯವಸ್ಥೆ ಇದೆ. ಅದರ ನಮೂನೆಯನ್ನು ಸಂಘದಿಂದಲೇ ಕೇಳಿ ಪಡೆಯಿರಿ. ಇನ್ನು ಬೈಕ್ ಕಳವಾದರೆ ಪೊಲೀಸ್ ದೂರು ಕೊಟ್ಟ ಮಾತ್ರಕ್ಕೆ ಸುಂಕದ ಹೊಣೆ ಕಳಚುವುದಿಲ್ಲ. ಅಪಘಾತದಲ್ಲಿ ನಜ್ಜುಗುಜ್ಜಾದ ಬೈಕನ್ನು ಗುಜರಿಗೆ ಹಾಕಿ ವಿಮಾನ ಹತ್ತುವಂತೆಯೂ ಇಲ್ಲ. ಎರಡೂ ಸಂದರ್ಭದಲ್ಲಿ ಆ ದೇಶ ಬಿಡುವ ಮೊದಲೇ ಅಲ್ಲಿನ ಕಸ್ಟಮ್ಸ್‌ನಿಂದ ಲಿಖಿತ ಪತ್ರ ಬೇಕು, ಸಂಘಕ್ಕೂ ತಿಳಿಸಬೇಕು. ಪ್ರವಾಸ ಲಂಬಿಸಿದರೆ ಅವಧಿ ಮುಗಿಯುವ ಮುನ್ನವೇ ವಿಸ್ತರಣೆ ಕೇಳಿ.

6. ವಿಮೆ

ನಿಮ್ಮ ಬೈಕಿನ ಪಾಲಿಸಿಯಲ್ಲಿ 'ಭೌಗೋಳಿಕ ವ್ಯಾಪ್ತಿ' ಎಂಬ ಸಾಲು ಹುಡುಕಿ. ಸಾಮಾನ್ಯವಾಗಿ ಅಲ್ಲಿ ಭಾರತ ಎಂದಷ್ಟೇ ಇರುತ್ತದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ಅದನ್ನು ವಿಸ್ತರಿಸಲು ಐಎಂಟಿ 1 ಎಂಬ ಷರತ್ತನ್ನು ಪಾಲಿಸಿಗೆ ಸೇರಿಸಬಹುದು. ಏಜೆಂಟರಿಗೆ ಗೊತ್ತಿಲ್ಲದಿದ್ದರೆ ಈ ಹೆಸರು ಹೇಳಿ ಶಾಖಾ ಕಚೇರಿಯಲ್ಲೇ ಕೇಳಿ, ದೇಶದ ಹೆಸರು ಮುದ್ರಿತವಾದ ಪತ್ರವನ್ನೇ ಪಡೆಯಿರಿ. ಸಮುದ್ರ, ವಿಮಾನ ಸಾಗಣೆಯಲ್ಲಿ ಆಗುವ ಹಾನಿ ಇದರಲ್ಲಿ ಸೇರುವುದಿಲ್ಲ, ಅದಕ್ಕೆ ಸರಕು ವಿಮೆ ಬೇರೆ.

ಈ ಆರು ದೇಶಗಳ ಆಚೆಗೆ ಭಾರತದ ವಾಹನ ವಿಮೆ ಉಪಯೋಗವಿಲ್ಲ. ಆಯಾ ದೇಶದ ಥರ್ಡ್ ಪಾರ್ಟಿ ವಿಮೆಯನ್ನು ಗಡಿಯಲ್ಲೋ ಮುಂಗಡವಾಗಿಯೋ ಕೊಳ್ಳಬೇಕು. ಯುರೋಪಿನಲ್ಲಿ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಗ್ರೀನ್ ಕಾರ್ಡ್ ವ್ಯವಸ್ಥೆ ಇದೆ. ಭಾರತ ಅದರ ಸದಸ್ಯ ದೇಶವಲ್ಲ, ಆದ್ದರಿಂದ ಒಳಹೋಗುವ ಮೊದಲ ಗಡಿಯಲ್ಲಿ 'ಗಡಿ ವಿಮೆ' ಕೊಳ್ಳಬೇಕು.

ನಿಮ್ಮ ದೇಹಕ್ಕೆ ಬೇಕಾದ ಪ್ರವಾಸ ವಿಮೆಯೇ ಬೇರೆ. ಕೊಳ್ಳುವ ಮುನ್ನ ಹೊರಗಿಟ್ಟ ಸಂದರ್ಭಗಳ ಪಟ್ಟಿ ಓದಿ. ಬೈಕ್ ಸವಾರಿಯನ್ನೇ ಬಿಟ್ಟಿರುವ, ಇಷ್ಟು ಸಿಸಿಗಿಂತ ಹೆಚ್ಚಿನ ಗಾಡಿಯನ್ನು ಬಿಟ್ಟಿರುವ, ಇಷ್ಟು ಎತ್ತರದ ಮೇಲಿನ ಪ್ರದೇಶವನ್ನು ಬಿಟ್ಟಿರುವ ಪಾಲಿಸಿಗಳಿವೆ.

7. ಗಾಡಿಯ ಮೇಲೆ, ಮೈಮೇಲೆ

ನಂಬರ್ ಪ್ಲೇಟ್ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರಬೇಕು. ಅಭಿಮಾನಕ್ಕೆ ಕನ್ನಡದಲ್ಲಿ ಬರೆಸಿದ ಪ್ಲೇಟನ್ನು ಊರಲ್ಲೇ ಬಿಚ್ಚಿಟ್ಟು ಎಚ್‌ಎಸ್‌ಆರ್‌ಪಿ ಹಾಕಿಸಿ. ಹಿಂದುಗಡೆ ಐಎನ್‌ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಸ್ಟಿಕ್ಕರ್ ಅಂಟಿಸಿ: ಬಿಳಿ ಮೊಟ್ಟೆಯಾಕಾರದ ಮೇಲೆ ಕಪ್ಪು ಅಕ್ಷರ. ಬೈಕಿಗೆ 175 ಮಿಲಿಮೀಟರ್ ಅಗಲ, 115 ಎತ್ತರ ಇದ್ದರೆ ಸರಿ. ತ್ರಿವರ್ಣ ಧ್ವಜದ ಸ್ಟಿಕ್ಕರ್ ಇದಕ್ಕೆ ಬದಲಿಯಲ್ಲ.

ಯುರೋಪಿಗೆ ಇಸಿಇ ಗುರುತಿನ ಹೆಲ್ಮೆಟ್ ಒಯ್ಯಿರಿ, ಬರೀ ಐಎಸ್‌ಐ ಸಾಲದು. ಫ್ರಾನ್ಸ್‌ನಲ್ಲಿ 2016ರಿಂದ ಸವಾರರಿಗೂ ಹಿಂಬದಿಯವರಿಗೂ ಸಿಇ ಗುರುತಿನ ಕೈಗವಸು ಕಡ್ಡಾಯ, ಹೊಳೆಯುವ ಜಾಕೆಟ್ ಜೊತೆಗಿರಬೇಕು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಹೆದ್ದಾರಿಗಳಿಗೆ ಬೈಕಿಗೂ ವಿನ್ಯೆಟ್ ಎಂಬ ಸುಂಕದ ಚೀಟಿ ಬೇಕು. ಸೈಲೆನ್ಸರ್ ಬದಲಾಯಿಸಿದ್ದರೆ ಕಂಪನಿಯದ್ದನ್ನೇ ಮತ್ತೆ ಹಾಕಿಸಿ. ಆಸ್ಟ್ರಿಯಾದ ಟಿರೋಲ್‌ನ ಕೆಲವು ರಸ್ತೆಗಳಲ್ಲಿ ಬೇಸಿಗೆ ತಿಂಗಳುಗಳಲ್ಲಿ 95 ಡೆಸಿಬೆಲ್ ದಾಟಿದ ಬೈಕುಗಳಿಗೆ ಪ್ರವೇಶವೇ ಇಲ್ಲ.

8. ಹಡಗಿಗೆ ಹಾಕುವಾಗ

ಈ ಕೆಲಸಕ್ಕೆ ಪರವಾನಗಿ ಇರುವ ಕಸ್ಟಮ್ಸ್ ಏಜೆಂಟ್ ಬೇಕು. ದರ ಕೇಳುವಾಗ ಇಲ್ಲಿಯ ಖರ್ಚಷ್ಟೇ ಅಲ್ಲ, ಆ ಕಡೆಯ ಬಂದರಿನಲ್ಲಿ ಬಿಡಿಸಿಕೊಳ್ಳುವ ಖರ್ಚನ್ನೂ ಬರವಣಿಗೆಯಲ್ಲಿ ಕೇಳಿ. ಅಗ್ಗವೆಂದು ಒಪ್ಪಿದ ದರ ಉಬ್ಬುವುದು ಆ ಕಡೆಯಲ್ಲೇ. ಮರದ ಪೆಟ್ಟಿಗೆಗೆ ಐಎಸ್‌ಪಿಎಂ 15 ಮುದ್ರೆ ಇರಲೇಬೇಕು, ಮರದಲ್ಲಿ ಹುಳು ಇರದಂತೆ ಸಂಸ್ಕರಿಸಿದ್ದಾರೆ ಎಂಬುದರ ಗುರುತು ಅದು. ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿ ತಂತಿ ಬಿಚ್ಚಿ ಟೇಪ್ ಸುತ್ತಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗಾದರೆ ಮಡ್‌ಗಾರ್ಡ್ ಒಳಗಿನ, ಟೈರ್ ಗೆರೆಗಳ ಮಣ್ಣನ್ನೂ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯಬೇಕು. ಸ್ವಲ್ಪ ಮಣ್ಣು ಸಿಕ್ಕರೂ ಅಲ್ಲಿ ತೊಳೆಸಿ ಹಣ ವಸೂಲು ಮಾಡುತ್ತಾರೆ.

ಹೊರಡುವ ಬಂದರಿನಲ್ಲಿ ನಮ್ಮ ಕಸ್ಟಮ್ಸ್‌ನವರು ಚಾಸಿ, ಎಂಜಿನ್ ನಂಬರ್ ದಾಖಲಿಸಿ ಕೊಟ್ಟ ಕಾಗದ ಜೋಪಾನ. ವಾಪಸ್ ತರುವಾಗ 'ಇದು ಇಲ್ಲಿಂದ ಹೋದ ಗಾಡಿಯೇ' ಎಂದು ತೋರಿಸದಿದ್ದರೆ ಸ್ವಂತ ಬೈಕಿಗೇ ಆಮದು ಸುಂಕದ ಮಾತು ಬರುತ್ತದೆ. ದುಬಾರಿ ಕ್ಯಾಮೆರಾ ಒಯ್ಯುವವರು ಅದಕ್ಕೂ ಹೊರಡುವಾಗಲೇ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ.

9. ಮರಳಿದ ಮೇಲೆ

ಬೈಕ್ ಬಂದರಿನಿಂದ ಬಿಡಿಸಿದ ದಿನವೇ ಕಾರ್ನೆಟ್ ತೆರೆದು, ಬಳಸಿದ ಪ್ರತಿ ಹಾಳೆಯ ಅಡಿಚೀಟಿಯಲ್ಲೂ ಎರಡು ಮುದ್ರೆ ಇವೆಯೇ ಎಣಿಸಿ. ಭಾರತಕ್ಕೆ ಮರಳಿದ ಮುದ್ರೆಯನ್ನೂ ನೋಡಿ. ಎಲ್ಲ ಹಾಳೆಗಳನ್ನು ಸ್ಕ್ಯಾನ್ ಮಾಡಿಟ್ಟುಕೊಂಡು ಪುಸ್ತಕವನ್ನು ಸಂಘಕ್ಕೆ ಕೈಯಾರೆ ಕೊಡಿ, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಪರಿಶೀಲನೆ ಮುಗಿದ ಮೇಲೆ ಠೇವಣಿ ವಾಪಸ್ ಬರುತ್ತದೆ ಅಥವಾ ಬ್ಯಾಂಕ್ ಗ್ಯಾರಂಟಿ ಬಿಡುಗಡೆಯಾಗುತ್ತದೆ. ಹೊರದೇಶದ ಕಸ್ಟಮ್ಸ್ ತಡವಾಗಿ ಪ್ರಶ್ನೆ ಎತ್ತುವುದೂ ಉಂಟು, ಹಾಗಾಗಿ ಹಣ ಕೈಸೇರಿದ ಮೇಲೂ ಸ್ಕ್ಯಾನ್ ಪ್ರತಿಗಳನ್ನು ಕೆಲವು ವರ್ಷ ಅಳಿಸಬೇಡಿ.